ಹಣ್ಣು ಮತ್ತು ಗಾಳಿ: ಕೊಪ್ಪಳ ಸೀಮೆಯಲ್ಲಿ ನಿಯಂತ್ರಿತ ವಾತಾವರಣದ ಸಂಗ್ರಹ

ಕೊಯ್ದ ಹಣ್ಣನ್ನು ಗಾಳಿ ಸೋರದ ತಂಪು ಕೋಣೆಯಲ್ಲಿಟ್ಟು, ಆ ಕೋಣೆಯ ಗಾಳಿಯಲ್ಲಿ ಆಮ್ಲಜನಕವನ್ನು ತಗ್ಗಿಸಿ, ಇಂಗಾಲದ ಡೈಆಕ್ಸೈಡನ್ನು ಹಣ್ಣು ತಾಳುವಷ್ಟು ಏರಿಸಿ, ಮಾಗುವ ಹಾಗೂ ಕೆಡುವ ವೇಗವನ್ನು ಕುಂದಿಸುವ ವಿಧಾನವೇ ನಿಯಂತ್ರಿತ ವಾತಾವರಣದ ಸಂಗ್ರಹ. ವ್ಯಾಪಾರಿಗಳು ಇದನ್ನು ‘ಸಿ.ಎ. ಸ್ಟೋರೇಜ್’ ಎನ್ನುತ್ತಾರೆ. ಸಾಮಾನ್ಯ ಕೋಲ್ಡ್ ಸ್ಟೋರೇಜ್ ಉಷ್ಣತೆ ಮತ್ತು ತೇವವನ್ನು ಮಾತ್ರ ಹಿಡಿತದಲ್ಲಿಡುತ್ತದೆ, ಸಿ.ಎ. ಕೋಣೆ ಹಣ್ಣು ಉಸಿರಾಡುವ ಗಾಳಿಗೂ ಕೈ ಹಾಕುತ್ತದೆ. ಬಯಲಿನ ಗಾಳಿಯಲ್ಲಿ ಆಮ್ಲಜನಕ ಶೇ 21ರ ಆಸುಪಾಸು, ಇಂಗಾಲದ ಡೈಆಕ್ಸೈಡ್ ಸುಮಾರು ಶೇ 0.04. ಸೇಬು ತುಂಬಿದ ಸಿ.ಎ. ಕೋಣೆಯಲ್ಲಿ ಆಮ್ಲಜನಕ ಶೇ 1ರಿಂದ 3ಕ್ಕೆ ಇಳಿದಿರುತ್ತದೆ. ಶರತ್ಕಾಲದಲ್ಲಿ ಕಿತ್ತ ಸೇಬು ಮರುವರ್ಷದ ಬೇಸಿಗೆಯಲ್ಲೂ ಕಚ್ಚಿದರೆ ಕರಕ್ ಎನ್ನುವುದು ಈ ಗಾಳಿಯ ಬಲದಿಂದ.

ಈ ತಂತ್ರ ಹುಟ್ಟಿ ಬೆಳೆದದ್ದು ತಂಪು ದೇಶಗಳ ಸೇಬಿನ ಜೊತೆ. ಕೊಪ್ಪಳ ಜಿಲ್ಲೆಯ ಹಣ್ಣುಗಳ ಸ್ವಭಾವ ಬೇರೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಈ ಜಿಲ್ಲೆಯ ನಾಲ್ಕು ಹಳೆಯ ತಾಲ್ಲೂಕುಗಳೆಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ ಭತ್ತದ ನಾಡು. ನದಿಯಂಚಿನ ಆನೆಗೊಂದಿಯಲ್ಲಿ ಬಾಳೆ. ಕುಷ್ಟಗಿ ಮತ್ತು ಯಲಬುರ್ಗಾ ಮಳೆ ಕಡಿಮೆ ಬೀಳುವ ಒಣ ಸೀಮೆ. ಅಲ್ಲಿ ಬೋರ್‌ವೆಲ್, ಕೃಷಿ ಹೊಂಡ ಮತ್ತು ಹನಿ ನೀರಾವರಿಯನ್ನು ನಂಬಿ ದಾಳಿಂಬೆ, ದ್ರಾಕ್ಷಿ, ಪಪ್ಪಾಯಿ, ಪೇರಲ ಬೆಳೆಯುತ್ತಾರೆ. ಕೊಪ್ಪಳದ ಸುತ್ತ ಮಾವು, ಅದರಲ್ಲೂ ಕೇಸರ್. ಈ ಹಣ್ಣುಗಳಲ್ಲಿ ಹೆಚ್ಚಿನವು ತೀರಾ ತಂಪನ್ನು ತಾಳುವುದಿಲ್ಲ. ಹೀಗಾಗಿ ಹಿಮಾಚಲದ ಸೇಬಿನ ಗೋದಾಮನ್ನು ಇದ್ದಂತೆ ಎತ್ತಿ ತಂದು ಇಲ್ಲಿ ನಿಲ್ಲಿಸಿದರೆ ಫಲ ಸಿಗದು. ಗಾಳಿಯ ವಿದ್ಯೆ ಮಾತ್ರ ಇಲ್ಲಿಗೂ ಬೇಕಾದದ್ದೇ; ಯಾವ ಹಣ್ಣಿಗೆ, ಎಷ್ಟು ದಿನಕ್ಕೆ, ಕೋಣೆಯಲ್ಲೋ ಚೀಲದಲ್ಲೋ ಎಂಬುದನ್ನು ಬಿಡಿಬಿಡಿಯಾಗಿ ಕೇಳಬೇಕಾಗುತ್ತದೆ.

ಕಿತ್ತ ಹಣ್ಣಿನ ಉಸಿರು

ಕಿತ್ತ ಮೇಲೂ ಹಣ್ಣು ಬದುಕಿಯೇ ಇರುತ್ತದೆ. ಬೇರಿನಿಂದ ನೀರು ಬರುವುದಿಲ್ಲ, ಎಲೆಯಿಂದ ಸಕ್ಕರೆ ಬರುವುದಿಲ್ಲ. ಕೂಡಿಟ್ಟದ್ದನ್ನು ಕರಗಿಸುತ್ತಾ ದಿನ ದೂಡುತ್ತದೆ. ಸಕ್ಕರೆ ಮತ್ತು ಹುಳಿ ಆಮ್ಲಜನಕದೊಡನೆ ಸೇರಿ ಇಂಗಾಲದ ಡೈಆಕ್ಸೈಡ್, ನೀರು, ಶಾಖವಾಗಿ ಹೊರಬೀಳುತ್ತವೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಉಸಿರಾಟದ ವೇಗ ಸಾಮಾನ್ಯವಾಗಿ ಎರಡರಿಂದ ಮೂರು ಪಟ್ಟಾಗುತ್ತದೆ. ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ದಾಟಿದ ಯಲಬುರ್ಗಾದ ಹೊಲದಲ್ಲಿ ಕ್ರೇಟಿನಲ್ಲಿ ಕುಳಿತ ಹಣ್ಣು ಕೆಲವೇ ಗಂಟೆಗಳಲ್ಲಿ, ತಂಪು ಕೋಣೆಯಲ್ಲಾಗಿದ್ದರೆ ದಿನಗಟ್ಟಲೆ ಹಿಡಿಯುತ್ತಿದ್ದಷ್ಟು ಮುಪ್ಪನ್ನು ಕಾಣುತ್ತದೆ. ಆ ಕಳೆದ ಆಯುಷ್ಯವನ್ನು ಯಾವ ಗಾಳಿಯೂ ಮರಳಿ ಕೊಡಲಾರದು.

ಉಸಿರಾಟದ ರೀತಿಯಲ್ಲಿ ಹಣ್ಣುಗಳಲ್ಲಿ ಎರಡು ಜಾತಿ. ಮಾವು, ಬಾಳೆ, ಪಪ್ಪಾಯಿ, ಸೀತಾಫಲ, ಚಿಕ್ಕು ಇವು ಬಲಿತ ಕಾಯಾಗಿದ್ದಾಗ ಕಿತ್ತರೂ ಆಮೇಲೆ ಮಾಗುತ್ತವೆ; ಮಾಗುವ ಹೊತ್ತಿಗೆ ಅವುಗಳ ಉಸಿರಾಟ ಒಮ್ಮೆಗೇ ಏರಿ ಇಳಿಯುತ್ತದೆ. ದಾಳಿಂಬೆ, ದ್ರಾಕ್ಷಿ, ನಿಂಬೆಗಳಲ್ಲಿ ಆ ಏರು ಇಲ್ಲ. ಗಿಡದಲ್ಲಿ ಬಂದಷ್ಟೇ ಸಿಹಿ. ಹುಳಿ ದಾಳಿಂಬೆಯನ್ನು ಎಷ್ಟು ಕಾಲ ಇಟ್ಟರೂ ಅದು ಹುಳಿಯೇ. ಮೊದಲ ಗುಂಪಿನ ಹಣ್ಣುಗಳನ್ನು ಮಾಗಿಸುವ ಹಾರ್ಮೋನು ಎಥಿಲೀನ್ ಎಂಬ ಅನಿಲ. ರಷ್ಯಾದ ದಿಮಿತ್ರಿ ನೆಲ್ಯುಬೊವ್ 1901ರಲ್ಲಿ ದೀಪದ ಗ್ಯಾಸಿನಲ್ಲಿರುವ ಎಥಿಲೀನ್ ಬಟಾಣಿ ಸಸಿಗಳನ್ನು ಸೊಟ್ಟಗೆ ಬೆಳೆಸುತ್ತದೆಂದು ತೋರಿಸಿದ. ಹಣ್ಣೇ ಆ ಅನಿಲವನ್ನು ಹೊರಬಿಡುತ್ತದೆಂಬುದನ್ನು 1934ರಲ್ಲಿ ಇಂಗ್ಲೆಂಡಿನ ಆರ್. ಗೇನ್ ಸೇಬಿನಲ್ಲಿ ಖಚಿತಪಡಿಸಿದ. ನಮ್ಮ ಊರುಗಳಲ್ಲಿ ಬಾಳೆಗೊನೆಗಳನ್ನು ಮುಚ್ಚಿದ ಕೋಣೆಯಲ್ಲಿಟ್ಟು ಹೊಗೆ ಹಾಕುತ್ತಿದ್ದವರೂ, ಮಾವಿನಕಾಯಿಯನ್ನು ಹುಲ್ಲಿನಲ್ಲಿ ಅಡಿ ಹಾಕುತ್ತಿದ್ದವರೂ ಹೆಸರು ತಿಳಿಯದೆ ಬಳಸುತ್ತಿದ್ದದ್ದು ಇದನ್ನೇ. ಹೊಗೆಯಲ್ಲಿ ಎಥಿಲೀನ್ ಇರುತ್ತದೆ. ಹುಲ್ಲಿನ ಅಡಿಯಲ್ಲಿ ಕಾಯಿ ತಾನೇ ಬಿಟ್ಟ ಎಥಿಲೀನ್ ಚದುರದೆ ಉಳಿಯುತ್ತದೆ.

ಸಿ.ಎ. ಕೋಣೆ ಇದಕ್ಕೆ ತಿರುಗುಮುರುಗು. ಎಥಿಲೀನ್ ತಯಾರಾಗುವ ಕೊನೆಯ ಹಂತಕ್ಕೆ ಆಮ್ಲಜನಕ ಬೇಕೇಬೇಕು. ಅದು ಶೇ 8ಕ್ಕಿಂತ ಕೆಳಗಿಳಿದರೆ ತಯಾರಿಕೆ ಕುಂಟುತ್ತದೆ. ತಯಾರಾದದ್ದು ಕೆಲಸ ಮಾಡದಂತೆ ಹೆಚ್ಚಿನ ಇಂಗಾಲದ ಡೈಆಕ್ಸೈಡ್ ಅಡ್ಡಿಪಡಿಸುತ್ತದೆ, ಜೊತೆಗೆ ಅನೇಕ ಬೂಷ್ಟುಗಳ ಬೆಳವಣಿಗೆಯನ್ನೂ ತಡೆಯುತ್ತದೆ. ಆದರೆ ಆಮ್ಲಜನಕವನ್ನು ತೀರಾ ಕೆಳಗಿಳಿಸಿದರೆ ಹಣ್ಣು ಆಮ್ಲಜನಕವಿಲ್ಲದ ಉಸಿರಾಟಕ್ಕೆ ಇಳಿದು, ಒಳಗೊಳಗೇ ಆಲ್ಕೊಹಾಲ್ ಮತ್ತು ಅಸಿಟಾಲ್ಡಿಹೈಡ್ ಹುಟ್ಟಿ, ತಿರುಳು ಹೆಂಡದ ವಾಸನೆ ಹೊಡೆಯುತ್ತದೆ. ಅನುಮತಿಸಬಹುದಾದ ಕೆಳಮಿತಿ ಹಣ್ಣಿನಿಂದ ಹಣ್ಣಿಗೆ ಬೇರೆ. ಒಂದೇ ಹಣ್ಣಿನ ತಳಿಗಳ ನಡುವೆಯೂ ಬೇರೆ.

ಹಗೇವಿನಿಂದ ಗ್ಯಾಸ್ ಸ್ಟೋರ್‌ವರೆಗೆ

1821ರಲ್ಲಿ ಫ್ರಾನ್ಸಿನ ಮಾಂಪೆಲಿಯೆಯ ರಸಾಯನಶಾಸ್ತ್ರಜ್ಞ ಜಾಕ್ ಎಟಿಯೆನ್ ಬೆರಾರ್ ಆಮ್ಲಜನಕವಿಲ್ಲದ ಗಾಳಿಯಲ್ಲಿಟ್ಟ ಹಣ್ಣು ಮಾಗುವುದಿಲ್ಲವೆಂದು ವರದಿ ಮಾಡಿದ. 1860ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಬೆಂಜಮಿನ್ ನೈಸ್ ಮಂಜುಗಡ್ಡೆಯಿಂದ ತಂಪಾಗಿಸಿದ, ಗಾಳಿ ಸೋರದ ಗೋದಾಮಿನಲ್ಲಿ ಸೇಬನ್ನಿಟ್ಟು ಮಾರಿದ. ಇವೆರಡೂ ಅಲ್ಲಿಗೇ ನಿಂತವು. ಮೊದಲ ಮಹಾಯುದ್ಧದ ಆಹಾರದ ಅಭಾವ ಇಂಗ್ಲೆಂಡನ್ನು ಕಾಡಿದಾಗ, 1918ರಿಂದ ಕೇಂಬ್ರಿಜ್‌ನಲ್ಲಿ ಫ್ರಾಂಕ್ಲಿನ್ ಕಿಡ್ ಮತ್ತು ಸಿರಿಲ್ ವೆಸ್ಟ್ ಈ ವಿಷಯವನ್ನು ಕ್ರಮವಾಗಿ ಅಭ್ಯಸಿಸಿದರು. ಉಷ್ಣತೆ, ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಮೂರನ್ನೂ ಬೇರೆಬೇರೆಯಾಗಿ ಅಳೆದವರು ಇವರು. ಮಾಗುವಾಗಿನ ಉಸಿರಾಟದ ಏರನ್ನು ಗುರುತಿಸಿದವರೂ ಇವರೇ. 1929ರಲ್ಲಿ ಕೆಂಟ್ ಪ್ರಾಂತದ ಕ್ಯಾಂಟರ್ಬರಿ ಹತ್ತಿರ ಮೊದಲ ವಾಣಿಜ್ಯ ‘ಗ್ಯಾಸ್ ಸ್ಟೋರ್’ ಬ್ರಾಮ್ಲಿ ಎಂಬ ಅಡುಗೆ ಸೇಬಿಗಾಗಿ ಕೆಲಸ ಆರಂಭಿಸಿತು. ಕಾರ್ನೆಲ್ ವಿಶ್ವವಿದ್ಯಾಲಯದ ರಾಬರ್ಟ್ ಸ್ಮಾಕ್ ಈ ವಿದ್ಯೆಯನ್ನು ನ್ಯೂಯಾರ್ಕ್ ಸೀಮೆಗೆ ಒಯ್ದ.

ಇಲ್ಲಿ ಒಂದು ಸಂಗತಿ ನಮ್ಮ ಕೆಲಸಕ್ಕೆ ಬರುವಂಥದ್ದು. ಬ್ರಾಮ್ಲಿ ಸೇಬಾಗಲಿ, ನ್ಯೂಯಾರ್ಕಿನ ಮ್ಯಾಕಿಂಟಾಶ್ ಸೇಬಾಗಲಿ ಸೊನ್ನೆ ಡಿಗ್ರಿಯ ತಂಪಿಗೆ ಒಳಗೇ ಕಂದಾಗುವ ಜಾತಿ. ಅವುಗಳನ್ನು ಮೂರ್ನಾಲ್ಕು ಡಿಗ್ರಿಯಲ್ಲೇ ಇಡಬೇಕು. ಆ ಕೊರತೆಯನ್ನು ತುಂಬಲು ಗಾಳಿ ಬದಲಿಸಿದರು. ತಂಪು ಸಾಲದೆ ಹೋದ ಕಡೆ ಗಾಳಿ ನೆರವಿಗೆ ಬಂದದ್ದೇ ಈ ತಂತ್ರದ ಮೊದಲ ಗೆಲುವು. ನಮ್ಮ ಮಾವು, ಬಾಳೆ, ದಾಳಿಂಬೆಗಳೂ ತಂಪಿಗೆ ಅಂಜುವವೇ.

ಉತ್ತರ ಕರ್ನಾಟಕದ ರೈತನಿಗೆ ಗಾಳಿ ಕಟ್ಟಿಹಾಕಿ ಬೆಳೆ ಕಾಯುವುದು ಹೊಸದಲ್ಲ. ಜೋಳವನ್ನು ವರ್ಷಗಟ್ಟಲೆ ಕಾಪಾಡುತ್ತಿದ್ದ ಹಗೇವು ಅದೇ ತತ್ತ್ವದ್ದು. ನೆಲದೊಳಗೆ ಹೂಜಿಯಾಕಾರದ ಕುಣಿ, ಕಿರಿದಾದ ಬಾಯಿ, ಸುತ್ತ ಹುಲ್ಲು, ಬೇವಿನ ಸೊಪ್ಪು; ಕಾಳು ತುಂಬಿ ಮೇಲೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಮತ್ತು ಹುಳುಗಳು ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತಿದ್ದವು; ಬಳಿಕ ಹುಳು ಸಾಯುತ್ತಿತ್ತು, ಕಾಳು ಉಳಿಯುತ್ತಿತ್ತು. ಹಗೇವು ತೆರೆದೊಡನೆ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಹೊತ್ತು ಕಾದು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವುದು ರೂಢಿ. ಅವಸರಪಟ್ಟು ಇಳಿದವರು ಉಸಿರುಗಟ್ಟಿ ಸತ್ತದ್ದೂ ಉಂಟು. ಆದರೆ ಹಗೇವಿನಲ್ಲಿ ಹಣ್ಣು ನಿಲ್ಲುವುದಿಲ್ಲ. ಒಣಗಿದ ಕಾಳು ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತದೆ. ಹಣ್ಣಿನಲ್ಲಿ ನೂರಕ್ಕೆ ಎಂಬತ್ತು ಪಾಲು ನೀರು. ಅದರ ಉಸಿರಾಟ ಜೋರು, ಶಾಖವೂ ಜೋರು. ಆಮ್ಲಜನಕ ಪೂರ್ತಿ ಮುಗಿದರೆ ಕಾಳಿಗೆ ಲಾಭ, ಹಣ್ಣಿಗೆ ಕೇಡು. ಆದ್ದರಿಂದಲೇ ‘ನಿಯಂತ್ರಿತ’ ಎಂಬ ಮಾತಿಗೆ ಯಂತ್ರ, ಮೀಟರು, ಕಾವಲು ಎಲ್ಲವೂ ಬೇಕಾಯಿತು.

ಭಾರತದಲ್ಲಿ ಸಿ.ಎ. ಗೋದಾಮುಗಳು ದೊಡ್ಡದಾಗಿ ತಲೆ ಎತ್ತಿದ್ದು ಸೇಬಿಗಾಗಿಯೇ: 2006ರಲ್ಲಿ ಅದಾನಿ ಅಗ್ರಿ ಫ್ರೆಶ್ ಕಂಪನಿ ಹಿಮಾಚಲದ ಶಿಮ್ಲಾ ಜಿಲ್ಲೆಯ ರೇವಾಲಿ, ಸೈಂಜ್, ರೋಹ್ರುಗಳಲ್ಲಿ ಅವನ್ನು ಕಟ್ಟಿತು. ಕರ್ನಾಟಕದ ಕೊಡುಗೆ ಕೋಣೆಗಿಂತ ಹೆಚ್ಚಾಗಿ ಹಣ್ಣಿನ ಸಿಪ್ಪೆಯ ಸುತ್ತಲಿನ ಕೆಲಸದಲ್ಲಿದೆ. 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿ.ಎಫ್.ಟಿ.ಆರ್.ಐ.) ಹಣ್ಣಿಗೆ ಮೇಣದ ತೆಳು ಲೇಪವನ್ನು ಅಭಿವೃದ್ಧಿಪಡಿಸಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ದಾಳಿಂಬೆಯನ್ನು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತುವ ಪ್ರಯೋಗ ಮಾಡಿತು. ಅದರ ವಿವರ ಮುಂದೆ ಬರುತ್ತದೆ. ಕೊಪ್ಪಳ ಸೀಮೆಗೆ ಹತ್ತಿರದ ವಿದ್ಯಾಕೇಂದ್ರಗಳು ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ, ಅದರ ಮುನಿರಾಬಾದ್ ಕಾಲೇಜು ಮತ್ತು ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರ.

ಕೋಣೆಯ ಒಳಹೊರಗು

ಸಿ.ಎ. ಕೋಣೆಯ ಗೋಡೆ, ಮಾಡು, ಬಾಗಿಲುಗಳನ್ನು ಎರಡೂ ಬದಿ ತಗಡು ಹೊದಿಸಿದ ಪಾಲಿಯುರೆಥೇನ್ ನೊರೆಯ (ಪಿ.ಯು.ಎಫ್.) ಫಲಕಗಳಿಂದ ಕಟ್ಟುತ್ತಾರೆ. ಬೆಸುಗೆಗಳಲ್ಲಿ ಸೂಜಿಮೊನೆಯಷ್ಟು ಸಂದಿಯೂ ಉಳಿಯಬಾರದು. ಕಟ್ಟಿ ಮುಗಿದ ಮೇಲೆ ಒಳಗೆ ಒತ್ತಡ ಏರಿಸಿ, ಎಷ್ಟು ನಿಮಿಷದಲ್ಲಿ ಎಷ್ಟು ಇಳಿಯುತ್ತದೆಂದು ನೋಡಿ, ಸೋರಿಕೆ ಪರೀಕ್ಷಿಸುತ್ತಾರೆ. ತಂಪು ಯಂತ್ರ ನಡೆದು ನಿಲ್ಲುವಾಗ ಒಳಗಿನ ಗಾಳಿ ಹಿಗ್ಗಿ ಕುಗ್ಗುವುದರಿಂದ ಗೋಡೆ ಬಿರಿಯದಂತೆ ಹೊರಗೆ ಒಂದು ದೊಡ್ಡ ಗಾಳಿಚೀಲವನ್ನೂ ಒತ್ತಡದ ವಾಲ್ವನ್ನೂ ಜೋಡಿಸಿರುತ್ತಾರೆ.

ಆಮ್ಲಜನಕವನ್ನು ಇಳಿಸಲು ಹಣ್ಣಿನ ಉಸಿರಾಟವನ್ನೇ ನಂಬಿ ಕುಳಿತರೆ ಹಲವು ದಿನ ಬೇಕು. ಇಂದು ಸಾರಜನಕವನ್ನು ಊದಿ ಒಂದೆರಡು ದಿನದಲ್ಲಿ ಇಳಿಸುತ್ತಾರೆ. ಸಾರಜನಕವನ್ನು ಬಯಲಿನ ಗಾಳಿಯಿಂದಲೇ ಸೋಸಿ ತೆಗೆಯುವ ಯಂತ್ರಗಳಿವೆ. ದ್ರವ ಸಾರಜನಕವನ್ನು ಟ್ಯಾಂಕರಿನಲ್ಲಿ ತರಿಸಿಯೂ ಊದಬಹುದು. ಈ ವಿಷಯದಲ್ಲಿ ಕೊಪ್ಪಳ ಬಡವಲ್ಲ. ನೆರೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗಾಗಿ ಗಾಳಿಯನ್ನು ಒಡೆಯುವ ದೊಡ್ಡ ಘಟಕಗಳಿವೆ. 2021ರ ಕೋವಿಡ್ ಅಲೆಯಲ್ಲಿ ಅಲ್ಲಿನ ಆಮ್ಲಜನಕದ ಟ್ಯಾಂಕರುಗಳ ಸುದ್ದಿ ಮನೆಮನೆಯ ಮಾತಾಗಿತ್ತು. ಅದೇ ಘಟಕದಲ್ಲಿ ಆಮ್ಲಜನಕದ ಜೊತೆಗೇ ಬೇರ್ಪಡುವುದು ಸಾರಜನಕ.

ಕೂಡಿಬರುವ ಹೆಚ್ಚುವರಿ ಇಂಗಾಲದ ಡೈಆಕ್ಸೈಡನ್ನು ಹಿಂದೆ ಸುಣ್ಣದ ಚೀಲಗಳನ್ನಿಟ್ಟು ಹೀರಿಸುತ್ತಿದ್ದರು. ಸುಣ್ಣ ಅಗ್ಗ, ಈಗಲೂ ಸಣ್ಣ ಕೋಣೆಗೆ ಸಾಕು. ದೊಡ್ಡ ಕೋಣೆಗಳಲ್ಲಿ ಇದ್ದಿಲಿನ ಶೋಧಕ. ಎಥಿಲೀನನ್ನು ಪೊಟ್ಯಾಸಿಯಂ ಪರ್ಮಾಂಗನೇಟ್ ನೆನೆಸಿದ ಹರಳುಗಳು ತಿಂದುಹಾಕುತ್ತವೆ. ತೇವ ಶೇ 90ರಿಂದ 95 ಇರಬೇಕು, ಇಲ್ಲದಿದ್ದರೆ ಹಣ್ಣು ತೂಕ ಕಳೆದುಕೊಳ್ಳುತ್ತದೆ. ಮಾರುವವನಿಗೆ ತೂಕವೇ ದುಡ್ಡು. ಒಮ್ಮೆ ಬಾಗಿಲು ಮುಚ್ಚಿ ಮೊಹರು ಮಾಡಿದರೆ ಸಣ್ಣ ಗಾಜಿನ ಕಿಂಡಿಯಿಂದ ನೋಡುವುದೇ ಹೊರತು ಒಳಗೆ ಹೋಗುವುದಿಲ್ಲ. ಆಮ್ಲಜನಕ ಶೇ 10ಕ್ಕೆ ಇಳಿದ ಗಾಳಿಯಲ್ಲಿ ಮನುಷ್ಯನಿಗೆ ಎಚ್ಚರ ತಪ್ಪುತ್ತದೆ, ಶೇ 5ರ ಗಾಳಿಯಲ್ಲಿ ಕೆಲವೇ ನಿಮಿಷಗಳಲ್ಲಿ ಸಾವು. ಕೆಟ್ಟ ವಾಸನೆಯಿಲ್ಲ, ಕಣ್ಣುರಿಯಿಲ್ಲ, ಆಮ್ಲಜನಕ ಕಡಿಮೆಯಾದದ್ದು ಅರಿವಿಗೇ ಬರುವುದಿಲ್ಲ. ಸಾಮಾನ್ಯ ಕೋಲ್ಡ್ ಸ್ಟೋರೇಜ್‌ನಲ್ಲಿ ಮೂಟೆ ಹೊತ್ತು ರೂಢಿಯಾದ ಹಮಾಲರಿಗೆ ಈ ವ್ಯತ್ಯಾಸವನ್ನು ಮೊದಲ ದಿನವೇ ಹೇಳಿಕೊಡದಿರುವುದು ಅಪರಾಧಕ್ಕೆ ಸಮ.

ದಾಳಿಂಬೆ

ಈ ಸೀಮೆಯಲ್ಲಿ ಸಿ.ಎ. ಕೋಣೆಗೆ ಅರ್ಹವಾದ ಹಣ್ಣು ಒಂದಿದ್ದರೆ ಅದು ಕುಷ್ಟಗಿ–ಯಲಬುರ್ಗಾದ ದಾಳಿಂಬೆ. ಮೊದಲು ಪುಣೆ ಮೂಲದ ಗಣೇಶ್ ತಳಿ ಹಬ್ಬಿತ್ತು. ಈಗ ಕೆಂಪು ಕಾಳಿನ ಭಗವಾ. ದಾಳಿಂಬೆ ನಿಧಾನವಾಗಿ ಉಸಿರಾಡುತ್ತದೆ, ಎಥಿಲೀನಿಗೆ ಮಾಗುವುದಿಲ್ಲ, ತೊಗಟೆ ದಪ್ಪ, ಬೆಲೆಯೂ ಇದೆ. 5 ಡಿಗ್ರಿಗಿಂತ ಕೆಳಗೆ ಬಹಳ ದಿನ ಇಟ್ಟರೆ ಮಾತ್ರ ತೊಗಟೆ ಕಂದುಗಟ್ಟುತ್ತದೆ, ಕಾಳು ಬಣ್ಣಗೆಡುತ್ತದೆ, ನಡುವಣ ಬಿಳಿ ಪೊರೆಯೂ ಕಂದಾಗುತ್ತದೆ. 5ರಿಂದ 7 ಡಿಗ್ರಿ, ಆಮ್ಲಜನಕ ಶೇ 3ರಿಂದ 5, ಇಂಗಾಲದ ಡೈಆಕ್ಸೈಡ್ ಶೇ 5ರಿಂದ 10 ಎಂಬುದು ಸಾಮಾನ್ಯ ಶಿಫಾರಸು. ಕ್ಯಾಲಿಫೋರ್ನಿಯಾದಲ್ಲಿ ವಂಡರ್‌ಫುಲ್ ಎಂಬ ತಳಿಯನ್ನು ಇನ್ನೂ ಹೆಚ್ಚಿನ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಐದು ತಿಂಗಳು ಕಾಪಾಡಿದ್ದಾರೆ. ಭಗವಾ ಅಷ್ಟು ತಾಳುತ್ತದೆಂದು ಇದರಿಂದ ತೀರ್ಮಾನಿಸಬಾರದು.

ಕೋಣೆಯಿಲ್ಲದೆಯೂ ಎಷ್ಟು ದೂರ ಹೋಗಬಹುದೆಂಬುದಕ್ಕೆ ಹೆಸರಘಟ್ಟದ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದ ಕೆಲಸ ಒಳ್ಳೆಯ ಸಾಕ್ಷಿ. ಗಣೇಶ್ ತಳಿಯ ಹಣ್ಣನ್ನು ಒಂದೊಂದಾಗಿ ತೆಳು ಹಾಳೆಯಲ್ಲಿ ಸುತ್ತಿ, ಬಿಸಿಗಾಳಿಯಿಂದ ಹಾಳೆಯನ್ನು ತೊಗಟೆಗೆ ಅಂಟುವಂತೆ ಕುಗ್ಗಿಸಿದರು. 8 ಡಿಗ್ರಿಯಲ್ಲಿ ಅವು 12 ವಾರ, 15 ಡಿಗ್ರಿಯಲ್ಲಿ 9 ವಾರ, 25 ಡಿಗ್ರಿಯಲ್ಲಿ 4 ವಾರ ಬಾಳಿದವು; ಸುತ್ತದ ಹಣ್ಣು ಅದೇ ಉಷ್ಣತೆಗಳಲ್ಲಿ ಬಾಳಿದ್ದು 7, 5 ಮತ್ತು 1 ವಾರ. ಲಾಭದ ದೊಡ್ಡ ಪಾಲು ಬಂದದ್ದು ನೀರು ಆರದಂತೆ ತಡೆದದ್ದರಿಂದ. ಒಣ ಹವೆಯ ಕುಷ್ಟಗಿಯಲ್ಲಿ ದಾಳಿಂಬೆಯ ತೊಗಟೆ ಗಟ್ಟಿಯಾಗಿ ಚರ್ಮದಂತಾಗುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ದಾಳಿಂಬೆ ಬೆಳೆಗಾರನ ಕೈಯಲ್ಲಿ ಸೇಬಿನವನಿಗಿಲ್ಲದ ಇನ್ನೊಂದು ಸಾಧನವಿದೆ: ಬಹಾರ. ಗಿಡಕ್ಕೆ ನೀರು ನಿಲ್ಲಿಸಿ, ಎಲೆ ಉದುರಿಸಿ, ಸವರಿ, ಮತ್ತೆ ನೀರು ಕೊಟ್ಟಾಗ ಹೂ ಬರುತ್ತದೆ. ಜನವರಿ–ಫೆಬ್ರವರಿಯಲ್ಲಿ ಹೂ ಬಿಡಿಸಿದರೆ ಅಂಬೆ ಬಹಾರ, ಮುಂಗಾರಿನಲ್ಲಿ ಮೃಗ ಬಹಾರ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹಸ್ತ ಬಹಾರ. ಮಾರುಕಟ್ಟೆ ನೋಡಿ ಕೊಯ್ಲಿನ ಕಾಲವನ್ನೇ ಸರಿಸಬಹುದಾದ ಮೇಲೆ ಹಣ್ಣನ್ನು ತಿಂಗಳುಗಟ್ಟಲೆ ಕೂಡಿಡುವ ಗರಜೇನು ಎಂದು ಕೇಳಬಹುದು. ಕಾಗದದ ಮೇಲೆ ಆ ಪ್ರಶ್ನೆ ಸರಿಯೇ. ತೋಟದಲ್ಲಿ ದುಂಡಾಣು ಅಂಗಮಾರಿ ರೋಗ ಆ ಲೆಕ್ಕವನ್ನು ಕೆಡಿಸಿತು. ಮಳೆ, ತೇವ, ಮೋಡದ ದಿನಗಳಲ್ಲಿ ಈ ರೋಗ ಗಿಡದಿಂದ ಗಿಡಕ್ಕೆ ಹಾರುತ್ತದೆ; ಕಾಯಿಯ ಮೇಲೆ ಕಪ್ಪು ಚುಕ್ಕೆ ಬಿದ್ದು ನಕ್ಷತ್ರದಂತೆ ಸೀಳುತ್ತದೆ. ಕೊಪ್ಪಳ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಸಾಲ ಮಾಡಿ ಬೆಳೆಸಿದ ತೋಟಗಳನ್ನು ರೈತರು ಕಿತ್ತೆಸೆಯಬೇಕಾಯಿತು. ರೋಗದಿಂದ ಪಾರಾಗಲು ಮಳೆಗಾಲ ತಪ್ಪಿಸುವ ಹಸ್ತ ಬಹಾರವನ್ನೇ ಶಿಫಾರಸು ಮಾಡುತ್ತಾರೆ. ಎಲ್ಲರೂ ಅದನ್ನೇ ಹಿಡಿದರೆ ಎಲ್ಲರ ಹಣ್ಣೂ ಬೇಸಿಗೆಯ ಅದೇ ವಾರಗಳಲ್ಲಿ ಮಾರುಕಟ್ಟೆಗೆ ಬೀಳುತ್ತದೆ. ರೋಗ ಕಸಿದುಕೊಂಡ ಆಯ್ಕೆಯನ್ನು ಸಂಗ್ರಹ ಮರಳಿ ಕೊಡಬಲ್ಲದು. ನನ್ನ ದೃಷ್ಟಿಯಲ್ಲಿ ಕುಷ್ಟಗಿಯಲ್ಲಿ ಸಿ.ಎ. ಕೋಣೆಯ ಪರವಾಗಿ ನಿಲ್ಲುವ ಗಟ್ಟಿ ವಾದ ಇದೊಂದೇ.

ಹಾಗೆಂದು ರೋಗದ ಹಣ್ಣನ್ನು ಕೋಣೆಗೆ ತುಂಬಿದರೆ ಗೋದಾಮು ಆಸ್ಪತ್ರೆಯಾಗುವುದಿಲ್ಲ. ಹೂವಿನ ಕಾಲದಲ್ಲೇ ಕಿರೀಟದ ಮೂಲಕ ಒಳಸೇರಿದ ಬೂಷ್ಟು ಹೊರಗೆ ಕಾಣದೆ ಕಾಳನ್ನು ಕಪ್ಪಾಗಿಸುತ್ತದೆ. ತೂಕ ನೋಡಿ, ತಟ್ಟಿ ನೋಡಿ ಆರಿಸುವ ಅನುಭವಸ್ಥ ಕೈ ಇಲ್ಲದಿದ್ದರೆ ಅಂಥ ಒಂದು ಹಣ್ಣು ಕ್ರೇಟನ್ನೇ ಹಾಳು ಮಾಡುತ್ತದೆ.

ಹಡಗಿನ ಹಾದಿ ದಾಳಿಂಬೆಗೆ ಈಗ ತೆರೆದಿದೆ. 2025ರಲ್ಲಿ ಸುಮಾರು 14 ಟನ್ ಭಗವಾ ಸಮುದ್ರಮಾರ್ಗದಲ್ಲಿ ಅಮೆರಿಕದ ಪೂರ್ವ ಕರಾವಳಿಯನ್ನು ಸುಮಾರು ಐದು ವಾರದಲ್ಲಿ ತಲುಪಿತು. ಅದಕ್ಕೆ ಮೊದಲು ಕೇಂದ್ರದ ಕೃಷಿ ರಫ್ತು ಪ್ರಾಧಿಕಾರವಾದ ಅಪೆಡಾ ಮತ್ತು ಸೊಲ್ಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಸೇರಿ ಹಣ್ಣನ್ನು 60 ದಿನ ಇಟ್ಟು ಪರೀಕ್ಷಿಸಿದ್ದವು. ಕುಷ್ಟಗಿಯ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ವಿಜಯಪುರ ತಲುಪಿ, ಅಲ್ಲಿಂದ ಹೆದ್ದಾರಿ 52 ಹಿಡಿದರೆ ಸೊಲ್ಲಾಪುರ.

ಮಾವು, ಬಾಳೆ ಮತ್ತು ಉಳಿದವು

ಮೇ ತಿಂಗಳಲ್ಲಿ ತೋಟಗಾರಿಕೆ ಇಲಾಖೆ ಕೊಪ್ಪಳದಲ್ಲಿ ನಡೆಸುವ ಮಾವು ಮೇಳಕ್ಕೆ ಜಿಲ್ಲೆಯ ಕೇಸರ್ ರಾಶಿರಾಶಿಯಾಗಿ ಬರುತ್ತದೆ. 2023ರ ಮೇಳದಲ್ಲಿ ಜನ ಮುಗಿಬಿದ್ದು ನೋಡಿದ್ದು ಜಪಾನಿನ ದುಬಾರಿ ಮಿಯಾಜಾಕಿ ಮಾವನ್ನು. ಪಕ್ಕದಲ್ಲಿದ್ದ ಕೇಸರ್ ತಿನ್ನಲು, ಅದು ನೋಡಲು. ಮಾವು 12–13 ಡಿಗ್ರಿಗಿಂತ ಕೆಳಗೆ ಇಳಿದರೆ ಸಿಪ್ಪೆಯಲ್ಲಿ ಬೂದು ಕುಳಿಗಳು ಬೀಳುತ್ತವೆ, ಆಮೇಲೆ ಸರಿಯಾಗಿ ಮಾಗುವುದೂ ಇಲ್ಲ. ಆ ಉಷ್ಣತೆಯಲ್ಲಿ ಸಾಮಾನ್ಯ ಗಾಳಿಯಲ್ಲಿ ಎರಡು ಮೂರು ವಾರ. ಆಮ್ಲಜನಕ ಶೇ 3ರಿಂದ 5, ಇಂಗಾಲದ ಡೈಆಕ್ಸೈಡ್ ಶೇ 5ರಿಂದ 10 ಇರುವ ಗಾಳಿಯಲ್ಲಿ ಇನ್ನೊಂದೆರಡು ವಾರ ಸಿಗಬಹುದು. ಊರಿನ ಮಾರುಕಟ್ಟೆಗೆ ಇದು ಬೇಡ. ಕೊಪ್ಪಳದ ಮಾವು ಬೇಗ ಬರುವುದೇ ಅದರ ಬಲ. ಏಪ್ರಿಲಿನಲ್ಲಿ ಒಳ್ಳೆಯ ದರಕ್ಕೆ ಹೋಗುವ ಹಣ್ಣನ್ನು ಎಲ್ಲೆಡೆ ಮಾವು ಸುರಿಯುವ ಜೂನಿಗೆ ಇಟ್ಟುಕೊಳ್ಳುವುದು ಲೆಕ್ಕ ಬಾರದವರ ಕೆಲಸ. ಆ ಹೆಚ್ಚುವರಿ ವಾರಗಳು ಬೇಕಾಗುವುದು ಹಡಗಿನ ಕಂಟೇನರಿನಲ್ಲಿ ಹೋಗುವ ಹಣ್ಣಿಗೆ.

ಮಾವಿಗೆ ಇಲ್ಲಿ ಹೆಚ್ಚು ತುರ್ತಾಗಿ ಬೇಕಾದದ್ದು ಮಾಗಿಸುವ ಕೋಣೆ. ಅದೂ ಗಾಳಿಯನ್ನು ಹಿಡಿತದಲ್ಲಿಡುವ ಕೋಣೆಯೇ, ಉದ್ದೇಶ ಮಾತ್ರ ತದ್ವಿರುದ್ಧ. ದಶಲಕ್ಷಕ್ಕೆ 100 ಭಾಗದವರೆಗೆ ಎಥಿಲೀನ್ ಬಳಸಲು ಆಹಾರ ಸುರಕ್ಷತಾ ಪ್ರಾಧಿಕಾರ ಅನುಮತಿ ಕೊಟ್ಟಿದೆ. ಕಾರ್ಬೈಡ್ ಪುಡಿಯಿಂದ ಹಣ್ಣು ಮಾಡುವುದು ನಿಷಿದ್ಧ. ಕೋಣೆ ಹತ್ತಿರದಲ್ಲಿಲ್ಲದ ಕಡೆ ನಿಷೇಧ ಬರೀ ಕಾಗದದಲ್ಲಿ ಉಳಿಯುತ್ತದೆ.

ಆನೆಗೊಂದಿಯ ಸುಗಂಧಿ, ಯಾಲಕ್ಕಿ ಬಾಳೆ ಹತ್ತಿರದ ಊರುಗಳಲ್ಲೇ ಖರ್ಚಾಗುತ್ತದೆ. ಬಾಳೆಗೆ 13–14 ಡಿಗ್ರಿ, ಎರಡೂ ಅನಿಲಗಳು ಶೇ 2ರಿಂದ 5. ದಕ್ಷಿಣ ಅಮೆರಿಕದ ಬಾಳೆ ಯುರೋಪಿನವರೆಗೆ ಹಸಿರಾಗಿಯೇ ಸಾಗುವುದರ ಹಿಂದೆ ಇದಿದೆ. ದ್ರಾಕ್ಷಿಗೆ ಬೇರೆಯೇ ದಾರಿ: ಸೊನ್ನೆ ಡಿಗ್ರಿಯ ತಂಪು, ಪೆಟ್ಟಿಗೆಯಲ್ಲಿ ಗಂಧಕದ ಡೈಆಕ್ಸೈಡ್ ಬಿಡುವ ಕಾಗದದ ಹಾಳೆ. ಅಂಜೂರ ಶೇ 15ರಿಂದ 20ರಷ್ಟು ಇಂಗಾಲದ ಡೈಆಕ್ಸೈಡನ್ನು ತಡೆದುಕೊಳ್ಳುತ್ತದೆ, ಬೂಷ್ಟು ತಡೆದುಕೊಳ್ಳುವುದಿಲ್ಲ. ಗುಡ್ಡದ ಸೀತಾಫಲ ಕಿತ್ತ ಮೂರ್ನಾಲ್ಕು ದಿನದಲ್ಲಿ ಬಿರಿಯುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಕಪ್ಪಾಗುತ್ತದೆ. ಬುಟ್ಟಿ ಹೊತ್ತು ರಸ್ತೆಬದಿ ಮಾರುವವರಿಗೆ ಕೋಣೆಯ ಮಾತು ಬಹಳ ದೂರದ್ದು.

ಚೀಲವೇ ಕೋಣೆ

ಹಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿದರೆ ಅದರ ಉಸಿರಾಟದಿಂದಲೇ ಒಳಗಿನ ಆಮ್ಲಜನಕ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ. ಹಾಳೆಯ ಮೂಲಕ ಅನಿಲಗಳು ನಿಧಾನವಾಗಿ ಒಳಹೊರಗೆ ಹೋಗುವುದರಿಂದ ಒಂದು ಸಮತೋಲಕ್ಕೆ ಬಂದು ನಿಲ್ಲುತ್ತದೆ. ಇದು ಮಾರ್ಪಡಿಸಿದ ವಾತಾವರಣದ ಪ್ಯಾಕಿಂಗ್. ದಾಳಿಂಬೆ ರಫ್ತಿನಲ್ಲಿ ಇಂಥ ಸೂಕ್ಷ್ಮರಂಧ್ರದ ಚೀಲಗಳು ಬಳಕೆಯಲ್ಲಿವೆ. ನೂರಾರು ಟನ್ ಹಣ್ಣು ಒಟ್ಟಿಗೆ ಬೇಕಿಲ್ಲ, ಕ್ರೇಟು ಕ್ರೇಟಾಗಿ ಮಾಡಬಹುದು. ಎರಡೆಕರೆ ತೋಟದವನ ಅಳತೆಗೆ ಹೊಂದುವುದು ಇದು.

ಇದರಲ್ಲೊಂದು ಬಲೆಯಿದೆ. ಹಾಳೆಯನ್ನು ಆರಿಸಿರುವುದು ತಂಪಿನಲ್ಲಿ, ಅಂದರೆ 6 ಡಿಗ್ರಿಯಲ್ಲಿ, ಹಣ್ಣು ಎಷ್ಟು ಉಸಿರಾಡುತ್ತದೋ ಅಷ್ಟಕ್ಕೆ. ಲಾರಿ ಮುನಿರಾಬಾದಿನ ಬಳಿ ಕೆಟ್ಟು ಬಿಸಿಲಲ್ಲಿ ನಿಂತರೆ ಉಸಿರಾಟ ಹಲವು ಪಟ್ಟಾಗುತ್ತದೆ, ಹಾಳೆ ಬಿಡುವ ಗಾಳಿ ಅಷ್ಟು ಹೆಚ್ಚುವುದಿಲ್ಲ. ಒಳಗೆ ಆಮ್ಲಜನಕ ಮುಗಿದು ಹಣ್ಣು ಹುಳಿಯುತ್ತದೆ, ಆವಿ ಹನಿಗಟ್ಟಿ ಬೂಷ್ಟು ಹಿಡಿಯುತ್ತದೆ. ತಂಪಿನ ಸರಪಳಿ ಕಡಿದ ದಾರಿಯಲ್ಲಿ ಚೀಲದ ಹಣ್ಣಿಗಿಂತ ತೆರೆದ ಕ್ರೇಟಿನ ಹಣ್ಣೇ ಮೇಲು.

ಆದ್ದರಿಂದ ಮೊದಲ ಖರ್ಚು ಕೊಯ್ಲಿನ ದಿನದ ತಂಪಿಗೆ ಹೋಗಬೇಕು. ನಸುಕಿನಲ್ಲೇ ಕಿತ್ತು ನೆರಳಿಗೆ ತರುವುದಕ್ಕೆ ದುಡ್ಡು ಬೇಡ. ಎರಡು ಸುತ್ತಿನ ಇಟ್ಟಿಗೆ ಗೋಡೆ ಕಟ್ಟಿ ನಡುವೆ ಮರಳು ತುಂಬಿ ನೀರು ಹನಿಸುವ, ವಿದ್ಯುತ್ ಬೇಡದ ತಂಪು ಗೂಡನ್ನು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿ ರೂಪಿಸಿತು. ಗಾಳಿ ಒಣಗಿದ್ದಷ್ಟೂ ನೀರು ಬೇಗ ಆರಿ ಗೂಡು ಹೆಚ್ಚು ತಂಪಾಗುವುದರಿಂದ ಇದು ಕರಾವಳಿಗಿಂತ ಯಲಬುರ್ಗಾಕ್ಕೆ ಹೇಳಿಮಾಡಿಸಿದಂಥದ್ದು. ನೀರಿನ ಪ್ರಶ್ನೆ ಮಾತ್ರ ಅಲ್ಲಿ ಯಾವಾಗಲೂ ಇದ್ದದ್ದೇ. ಅದರ ಮೇಲಿನ ಮೆಟ್ಟಿಲು ಪ್ಯಾಕ್‌ಹೌಸ್ ಮತ್ತು ಬಲವಾದ ತಣ್ಣನೆ ಗಾಳಿ ಹಾಯಿಸಿ ಹಣ್ಣಿನ ಒಡಲ ಬಿಸಿ ತೆಗೆಯುವ ಕೋಣೆ.

ಹಣದ ಲೆಕ್ಕ

ಸಿ.ಎ. ಗೋದಾಮಿಗೆ ತೋಟಗಾರಿಕೆ ಅಭಿವೃದ್ಧಿ ಮಿಷನ್‌ನಲ್ಲಿ ಬಯಲು ಸೀಮೆಗೆ ಶೇ 35ರಷ್ಟು ಸಹಾಯಧನವಿದೆ. 2020ರಲ್ಲಿ ಬಂದ ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ರಿಯಾಯಿತಿ. ಕಟ್ಟುವುದಕ್ಕಿಂತ ನಡೆಸುವುದು ಕಷ್ಟ. ಕೋಣೆಯನ್ನು ಒಂದೇ ತಳಿಯ, ಒಂದೇ ಹದಕ್ಕೆ ಬಲಿತ ಹಣ್ಣಿನಿಂದ ಕೆಲವೇ ದಿನಗಳಲ್ಲಿ ತುಂಬಿ ಮುಚ್ಚಬೇಕು. ಚೂರುಚೂರು ಹಿಡುವಳಿಗಳಿಂದ ಬಿಡಿಸಿ ತರುವ ಹಣ್ಣಿಗೆ ಆ ಶಿಸ್ತು ತರಲು ರೈತ ಉತ್ಪಾದಕ ಕಂಪನಿಯೋ ಅಂಥದ್ದೊಂದು ಒಕ್ಕೂಟವೋ ಬೇಕು. ವಿದ್ಯುತ್ ಒಂದು ಗಂಟೆ ಹೋದರೆ ಜನರೇಟರ್ ಹೊಗೆ ಉಗುಳುತ್ತದೆ. ವರ್ಷದಲ್ಲಿ ಮೂರ್ನಾಲ್ಕು ತಿಂಗಳು ದಾಳಿಂಬೆ ತುಂಬಿ ಉಳಿದ ಕಾಲ ಖಾಲಿ ಬಿಟ್ಟರೆ ಬಡ್ಡಿ ಹುಟ್ಟುವುದಿಲ್ಲ. ಬಯಲಿನ ಕೋಲ್ಡ್ ಸ್ಟೋರೇಜ್‌ಗಳನ್ನು ಬದುಕಿಸುವುದು ಮೆಣಸಿನಕಾಯಿ, ಹುಣಸೆ, ಒಣದ್ರಾಕ್ಷಿಗಳು. ಖಾರದ ವಾಸನೆ ಹಿಡಿದ ಕೋಣೆಗೆ ಮತ್ತೆ ಹಣ್ಣು ಹಾಕಲಾಗದು.

ಕೊನೆಯ ಪ್ರಶ್ನೆ ಲಾಭ ಯಾರ ಕೈಗೆ ಎಂಬುದು. ಬಹುಪಾಲು ದಾಳಿಂಬೆ ಹೊರರಾಜ್ಯಗಳ ವ್ಯಾಪಾರಿಗಳಿಗೆ ತೋಟದಲ್ಲೇ ತೂಕವಾಗಿ ಹೋಗುತ್ತದೆ. ಔಷಧಿ ಅಂಗಡಿಯ ಬಾಕಿ ತೀರಿಸಬೇಕಾದ ರೈತ ಎರಡು ತಿಂಗಳು ಕಾಯಲಾರ. ಗಂಗಾವತಿಯ ಭತ್ತದ ರೈತ ಮಾಲನ್ನು ಗೋದಾಮಿನಲ್ಲಿಟ್ಟು ಎ.ಪಿ.ಎಂ.ಸಿ.ಯ ಅಡಮಾನ ಸಾಲ ಪಡೆಯಬಹುದು, ರಸೀದಿಯ ಮೇಲೆ ಬ್ಯಾಂಕಿನಿಂದ ಹಣ ಎತ್ತಬಹುದು. ಕೆಡುವ ಮಾಲೆಂಬ ಕಾರಣಕ್ಕೆ ಹಣ್ಣಿಗೆ ಅಂಥ ಸಾಲ ವಿರಳ. ಒಳಗಿನ ಆಮ್ಲಜನಕ, ಉಷ್ಣತೆ, ತೇವವನ್ನು ಗಂಟೆಗಂಟೆಗೂ ದಾಖಲಿಸುವ ಸಿ.ಎ. ಕೋಣೆಯ ಹಣ್ಣಿಗೆ ಬ್ಯಾಂಕು ಆ ದಾಖಲೆ ನಂಬಿ ಸಾಲ ಕೊಡುವ ಏರ್ಪಾಡು ಜೊತೆಗೆ ಬಾರದಿದ್ದರೆ, ಕುಷ್ಟಗಿಯಲ್ಲಿ ಕೋಣೆ ಕಟ್ಟಿದರೂ ಅದರಲ್ಲಿ ತುಂಬುವುದು ವ್ಯಾಪಾರಿ ಕೊಂಡ ಹಣ್ಣು.